ಇಟ್ಟಿಗೆ ಆಟ, ಗುಂಡಿನ ಆಟ ಮತ್ತು ನಾನು

ಹೋದ ತಿಂಗಳು ಇದೇ ಪುಟದಲ್ಲಿ ಒಂದು ಉಪದೇಶ ಮಾಡಿದ್ದೆ, ನೆನಪಿರಬಹುದು. ಮಕ್ಕಳು ಮೊಬೈಲಿನಲ್ಲಿ ಆಡಲೇಬೇಕು ಅಂತಿದ್ದರೆ ಟೆಟ್ರಿಸ್ ತರಹದ, ತಲೆಗೆ ಕೆಲಸ ಕೊಡುವ ಆಟ ಆಡಲಿ. ಬಂದೂಕು ಹಿಡಿದು ಓಡಾಡುವ ಆಟಗಳನ್ನು ಹೊಸ್ತಿಲಿನ ಆಚೆಯೇ ನಿಲ್ಲಿಸಿ ಎಂದು. ಬರೆದು ಕೊಟ್ಟು ನಿಶ್ಚಿಂತೆಯಿಂದ ಇದ್ದೆ. ಅಜ್ಜ ಅಜ್ಜಿಯರಿಂದ ಬಂದ ಪತ್ರಗಳೆಲ್ಲ ‘ಸರಿಯಾಗಿ ಹೇಳಿದಿರಿ’ ಎಂದವು. ಒಂದೇ ಒಂದು ಪತ್ರ ಬೇರೆ ಥರ ಇತ್ತು. ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆ, ದುಂಡಗಿನ ಅಕ್ಷರ, ಆರನೇ ತರಗತಿಯ ಹುಡುಗಿ. ‘ತಾತ, ನೀವು ಆ ಎರಡೂ ಆಟ ಆಡಿ ನೋಡಿದ್ದೀರಾ? ಪಾಠ ಓದದೆ ಉತ್ತರ ಬರೆದರೆ ನಮ್ಮ ಮಿಸ್ ಸೊನ್ನೆ ಕೊಡ್ತಾರೆ.’

ಆ ಸೊನ್ನೆ ನನಗೇ ಬಿದ್ದ ಹಾಗಾಯಿತು. ಟೆಟ್ರಿಸ್ ನನಗೆ ಹಳೆಯ ಪರಿಚಯ. ನನ್ನ ಮಗ ಚಿಕ್ಕವನಿದ್ದಾಗ ಜಾತ್ರೆಯಲ್ಲಿ ‘ಬ್ರಿಕ್ ಗೇಮ್’ ಅಂತ ಒಂದು ಕೈಯಾಟಿಕೆ ಸಿಗುತ್ತಿತ್ತು. ಡಬ್ಬಿಯ ಮೇಲೆ 9999 ಆಟಗಳಿವೆ ಎಂದು ಬರೆದಿರುತ್ತಿತ್ತು. ಒಳಗೆ ಇದ್ದದ್ದು ಅದೇ ನಾಲ್ಕಾರು. ಅವನಿಗೆಂದು ತಂದು, ಅವನು ಮಲಗಿದ ಮೇಲೆ ನಾನು ಆಡುತ್ತಿದ್ದೆ. ಆದರೆ ಗುಂಡಿನ ಆಟವನ್ನು ನಾನು ದೂರದಿಂದ ಬೈದದ್ದು ಬಿಟ್ಟರೆ ಮುಟ್ಟಿದವನಲ್ಲ. ಕಲಿಸಬೇಕಾದರೆ ಮೊಮ್ಮಗನೇ ಕಲಿಸಬೇಕು. ಏಳನೇ ತರಗತಿಗೆ ಬಂದರೂ ನಮಗೆ ಅವನು ಪುಟ್ಟನೇ.

ಅಲ್ಲೇ ಇತ್ತು ತೊಡಕು. ಪುಟ್ಟ ನನ್ನ ಹತ್ತಿರ ಮಾತು ಬಿಟ್ಟು ಎಂಟು ದಿನವಾಗಿತ್ತು.

ಆಗಿದ್ದು ಇಷ್ಟು. ಒಂದು ಶನಿವಾರ ಸಂಜೆ ಊಟಕ್ಕೆ ಕರೆದೆ. ‘ಇದೇ ಲಾಸ್ಟ್ ಮ್ಯಾಚ್ ತಾತ’ ಎಂದ. ಅರ್ಧ ಗಂಟೆ ಬಿಟ್ಟು ಕರೆದೆ, ಅದೇ ಉತ್ತರ. ಮೂರನೇ ಸಲವೂ ‘ಇದೇ ಲಾಸ್ಟ್’ ಎಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಕೈಯಿಂದ ಫೋನ್ ಕಿತ್ತುಕೊಂಡು ಆಫ್ ಮಾಡಿ ಬೀರುವಿನಲ್ಲಿಟ್ಟೆ. ಹುಡುಗ ಬಿಕ್ಕಿ ಬಿಕ್ಕಿ ಅತ್ತ, ತಟ್ಟೆ ಮುಟ್ಟಲಿಲ್ಲ. ‘ನೋಡಿದಿರಾ, ಹೇಗೆ ಅಂಟಿಕೊಂಡಿದೆ ಚಟ’ ಎಂದು ಮನೆಯವರಿಗೆಲ್ಲ ಹೇಳಿದೆ. ಆ ಸಿಟ್ಟಿನಲ್ಲೇ ಕೂತು ಬರೆದದ್ದು ಹೋದ ತಿಂಗಳ ಉಪದೇಶ. ಅದನ್ನು ಆಗ ನಿಮಗೆ ಹೇಳಿರಲಿಲ್ಲ.

ಸರಿ, ಅವನು ಮಾತಾಡುವವರೆಗೆ ಗೊತ್ತಿದ್ದ ಆಟದಿಂದಲೇ ಶುರು ಮಾಡೋಣ ಎಂದು ಟೆಟ್ರಿಸ್ ತೆರೆದೆ.

ನೋಡದ ಅಜ್ಜ ಅಜ್ಜಿಯರಿಗಾಗಿ ಹೇಳುತ್ತೇನೆ. ಅಡ್ಡಕ್ಕೆ 10, ಉದ್ದಕ್ಕೆ 20 ಮನೆಗಳ ಒಂದು ಬಾವಿ ಎಂದುಕೊಳ್ಳಿ. ಮೇಲಿನಿಂದ ಒಂದೊಂದೇ ಇಟ್ಟಿಗೆ ಇಳಿಯುತ್ತದೆ. ಪ್ರತಿ ಇಟ್ಟಿಗೆಯೂ ನಾಲ್ಕು ಚೌಕ ಅಂಟಿಸಿ ಮಾಡಿದ್ದು. ಹಾಗೆ ಅಂಟಿಸಿದರೆ ಏಳು ಆಕಾರ ಬರುತ್ತವೆ. ಉದ್ದ ಕೋಲು, ದೊಡ್ಡ ಚೌಕ, ಎಡಕ್ಕೊಂದು ಬಲಕ್ಕೊಂದು ಕೊಕ್ಕೆ, ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲು, ಇನ್ನೊಂದು ಇಂಗ್ಲಿಷಿನ ಟಿ ಅಕ್ಷರ. ಬೀಳುವಷ್ಟರಲ್ಲಿ ತಿರುಗಿಸಿ, ಸರಿಸಿ, ಸಂದಿಯಿಲ್ಲದಂತೆ ಕೂರಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಮಾಯವಾಗುತ್ತದೆ. ಸಂದಿ ಬಿಟ್ಟರೆ ಗೋಡೆ ಏರುತ್ತದೆ. ಬಾವಿ ತುಂಬಿದರೆ ಆಟ ಮುಗಿಯಿತು.

ಇದನ್ನು ಮಾಡಿದವರು ಅಲೆಕ್ಸಿ ಪಜಿತ್ನೊವ್. 1984ರಲ್ಲಿ ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಐದೈದು ಚೌಕ ಜೋಡಿಸಿದ ತುಂಡುಗಳನ್ನು ಪೆಟ್ಟಿಗೆಯಲ್ಲಿ ಕೂರಿಸುವ ಹಳೆಯ ಒಗಟೊಂದು ಅವರಿಗೆ ಇಷ್ಟ. ಐದು ಚೌಕಕ್ಕೆ ಆಕಾರಗಳು ಹೆಚ್ಚಾದವೆಂದು ನಾಲ್ಕಕ್ಕೆ ಇಳಿಸಿದರು. ಅವರ ಮುಂದಿದ್ದ ಎಲೆಕ್ಟ್ರೋನಿಕಾ 60 ಎಂಬ ಯಂತ್ರಕ್ಕೆ ಚಿತ್ರ ತೋರಿಸುವುದೇ ಗೊತ್ತಿರಲಿಲ್ಲ, ಬರೀ ಅಕ್ಷರ. ಏನು ಮಾಡುವುದು? ಆವರಣ ಚಿಹ್ನೆಗಳನ್ನೇ ಪಕ್ಕಪಕ್ಕ ಇಟ್ಟು ಇಟ್ಟಿಗೆ ಮಾಡಿದರು! ನಾಲ್ಕು ಎನ್ನುವ ಅರ್ಥದ ಗ್ರೀಕ್ ಪದ ‘ಟೆಟ್ರಾ’, ತಮಗೆ ಪ್ರಿಯವಾದ ಟೆನ್ನಿಸ್ ಎರಡನ್ನೂ ಸೇರಿಸಿ ಹೆಸರಿಟ್ಟರು. ಮಕ್ಕಳೇ, ಇನ್ನೊಂದು ವಿಷಯ: ಅದನ್ನು ಬೇರೆ ಕಂಪ್ಯೂಟರುಗಳಲ್ಲಿ ಬಣ್ಣಬಣ್ಣವಾಗಿ ಆಡುವಂತೆ ಮಾಡಿದವರಲ್ಲಿ ಒಬ್ಬ 16 ವರ್ಷದ ಶಾಲಾ ಹುಡುಗ, ವಾದಿಮ್ ಗೆರಾಸಿಮೊವ್. ಜಗತ್ತೆಲ್ಲ ಆಡಿದರೂ ಪಜಿತ್ನೊವ್ ಅವರಿಗೆ ಬಹಳ ವರ್ಷ ಅದರಿಂದ ಕಾಸು ಬರಲಿಲ್ಲ, ಹಕ್ಕು ಸರ್ಕಾರದ ಕೈಯಲ್ಲಿತ್ತು. ಹಕ್ಕು ಅವರಿಗೆ ಬಂದದ್ದು 1996ರಲ್ಲಿ.

ಬರೆಯುವುದಕ್ಕಾಗಿ ಸ್ವಲ್ಪ ಆಡಿ ಇಡೋಣ ಎಂದು ಮೊದಲ ರಾತ್ರಿ ಹತ್ತಕ್ಕೆ ಕೂತೆ. ತಲೆ ಎತ್ತಿ ನೋಡಿದಾಗ ಒಂದೂ ಮುಕ್ಕಾಲು. ಮರುದಿನ ‘ಹಾಲು ನೋಡ್ಕೊಳ್ಳಿ’ ಎಂದು ಹೇಳಿ ನನ್ನ ಹೆಂಡತಿ ಸ್ನಾನಕ್ಕೆ ಹೋದಳು. ನಾನು ನೋಡುತ್ತಲೇ ಇದ್ದೆ, ಇಟ್ಟಿಗೆಗಳನ್ನು. ಅರ್ಧ ಲೀಟರ್ ಹಾಲು ಉಕ್ಕಿ, ಒಲೆಯಲ್ಲ ಹರಿದು, ಪಾತ್ರೆ ಸೀದು ಕರಿಯಾಯಿತು. ಅದನ್ನು ತಿಕ್ಕಿದ್ದು ನಾನೇ. ಮೂರನೇ ದಿನ ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೆ ಇಟ್ಟಿಗೆ ಬೀಳತೊಡಗಿದವು. ದೇವರ ಮನೆಯಲ್ಲಿ ಕೂತರೆ ಗೋಡೆಯ ಟೈಲ್ಸ್ ನಡುವೆ ಕೊಕ್ಕೆ ಎಲ್ಲಿ ಕೂರುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಇದು ನನ್ನೊಬ್ಬನ ಹುಚ್ಚಲ್ಲ. ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ದಲ್ಲಿ ಇದನ್ನೇ ಪರೀಕ್ಷಿಸಿ ಬರೆದಿದ್ದಾರೆ. ಟೆಟ್ರಿಸ್ ಆಡಿದವರನ್ನು ನಿದ್ದೆ ಹತ್ತುವ ಹೊತ್ತಿನಲ್ಲಿ ‘ಏನು ಕಾಣುತ್ತಿದೆ’ ಎಂದು ಕೇಳಿದರೆ ಬಹಳ ಮಂದಿ ಬೀಳುವ ಇಟ್ಟಿಗೆ ಎಂದರಂತೆ. ಆಡಿದವರಲ್ಲಿ ಮೆದುಳಿಗೆ ಪೆಟ್ಟಾಗಿ ಹೊಸದೇನೂ ನೆನಪಲ್ಲಿ ಉಳಿಯದ ಕೆಲವರೂ ಇದ್ದರು. ಆಟ ಆಡಿದ್ದೇ ಅವರಿಗೆ ಮರೆತುಹೋಗಿತ್ತು. ಅವರಲ್ಲೂ ಕೆಲವರಿಗೆ ಇಟ್ಟಿಗೆ ಕಂಡಿತು! ಮರೆವಿಗಂಜುವ ನನ್ನ ವಯಸ್ಸಿನವರಿಗೆ ಇದು ಎಷ್ಟು ಸೋಜಿಗ ಹೇಳಿ.

ಈ ಆಟಕ್ಕೆ ಗೆಲುವಿನ ಗೆರೆ ಇಲ್ಲ ಎಂಬುದು ಆಡುವಾಗ ಹೊಳೆಯಿತು. ಬಾವಿ ತುಂಬುವ ತನಕ ಆಡುವುದು, ಮತ್ತೆ ಶುರು ಮಾಡುವುದು. ಅಮೆರಿಕದ ಒಕ್ಲಹೋಮಾದ 13 ವರ್ಷದ ಹುಡುಗನೊಬ್ಬ 2023ರ ಡಿಸೆಂಬರಿನಲ್ಲಿ 1989ರ ನಿಂಟೆಂಡೊ ಟೆಟ್ರಿಸ್‌ನಲ್ಲಿ 157ನೇ ಹಂತ ಮುಟ್ಟಿದ. ಸುಮಾರು 38 ನಿಮಿಷ ಆಡಿದ್ದ. ಅಲ್ಲಿ ಆಟವೇ ಸೋತು ಪರದೆ ಮರಗಟ್ಟಿ ನಿಂತಿತು. ಮನುಷ್ಯರಲ್ಲಿ ಅದನ್ನು ಅಲ್ಲಿಯವರೆಗೆ ಕೊಂಡೊಯ್ದವನು ಅವನೇ ಮೊದಲಿಗ. ಅವನನ್ನು ಬಿಡಿ, ನಮ್ಮಂಥವರಿಗೆ ಟೆಟ್ರಿಸ್ ‘ಇನ್ನು ಸಾಕು ಏಳು’ ಎಂದು ಹೇಳುವುದೇ ಇಲ್ಲ.

ಹಾಲು ಸೀದ ವಾಸನೆಗೆ ಪುಟ್ಟ ಅಡುಗೆಮನೆಗೆ ಬಂದ. ನನ್ನ ಕೈಯಲ್ಲಿ ಫೋನು, ಸಿಂಕಿನಲ್ಲಿ ಕರಿ ಪಾತ್ರೆ. ಎಂಟು ದಿನದ ಮೌನ ಅಲ್ಲಿ ಮುರಿಯಿತು. ‘ತಾತ, ಅಂಟಿಕೊಳ್ತಾ ಚಟ?’ ಎಂದ. ನಗದೆ ಇರಲಾಗಲಿಲ್ಲ. ‘ನಿನ್ನ ಆಟ ಹೇಳಿಕೊಡೋ’ ಎಂದೆ.

ಅವನ ಆಟ ಬಿಜಿಎಂಐ. ಪಬ್‌ಜಿ ಎಂಬ ಹೆಸರು ಕೇಳಿರುತ್ತೀರಿ, ಅದರದೇ ನಮ್ಮ ದೇಶದ ರೂಪ. ಪಬ್‌ಜಿ ಮೊಬೈಲನ್ನು 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದೂ ಹೋಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಇಂಥ ಆಟಗಳಿಗೆಲ್ಲ ‘ಬ್ಯಾಟಲ್ ರಾಯಲ್’ ಎಂದು ಹೆಸರು. ನೂರು ಮಂದಿ ಒಂದು ವಿಮಾನದಲ್ಲಿ ಕೂತು, ಪ್ಯಾರಾಚೂಟ್ ಕಟ್ಟಿಕೊಂಡು ಒಂದು ದ್ವೀಪಕ್ಕೆ ಹಾರುತ್ತಾರೆ. ಬರಿಗೈ. ಖಾಲಿ ಮನೆಗಳನ್ನು ಹೊಕ್ಕು ಹೆಲ್ಮೆಟ್ಟು, ಚೀಲ, ಬ್ಯಾಂಡೇಜು, ಬಂದೂಕು ಹುಡುಕಿಕೊಳ್ಳಬೇಕು. ಇರಬಹುದಾದ ಜಾಗಕ್ಕೆ ಒಂದು ವೃತ್ತ. ಕೆಲವು ನಿಮಿಷಕ್ಕೊಮ್ಮೆ ವೃತ್ತ ಕಿರಿದಾಗುತ್ತದೆ. ಹೊರಗುಳಿದರೆ ಪ್ರಾಣ ಸೋರುತ್ತದೆ. ಹೀಗಾಗಿ ಎಲ್ಲರೂ ಹತ್ತಿರ ಹತ್ತಿರ ಬರಲೇಬೇಕು, ಕೊನೆಗೆ ಉಳಿದವರು ಗೆದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಆಡಿಸುವ ಕುರ್ಚಿ ಆಟ ನೆನಪಿದೆಯೇ? ಹಾಡು ನಿಂತಾಗಲೆಲ್ಲ ಒಂದು ಕುರ್ಚಿ ತೆಗೆಯುತ್ತಾರಲ್ಲ? ಅದಕ್ಕೆ ಕಣ್ಣಾಮುಚ್ಚಾಲೆ ಸೇರಿಸಿ, ಮೇಲೆ ಬಂದೂಕು ಇಡಿ. ಇಷ್ಟೇ ಆಟ.

ಇದನ್ನು ರೂಪಿಸಿದವರು ಬ್ರೆಂಡನ್ ಗ್ರೀನ್, ಐರ್ಲೆಂಡಿನವರು. ಜಪಾನಿನ ‘ಬ್ಯಾಟಲ್ ರಾಯಲ್’ ಎಂಬ ಸಿನಿಮಾ ನೋಡಿ ಹೊಳೆದದ್ದಂತೆ. ಸಿನಿಮಾ 2000ದ್ದು, ಅದಕ್ಕೂ ಹಿಂದೆ 1999ರ ಕಾದಂಬರಿ. ಅದು ದೊಡ್ಡವರ ಕಥೆ, ಈ ಪುಟಕ್ಕೆ ಬೇಡ. ಮೊದಲು ಬೇರೆಯವರ ಆಟವೊಂದನ್ನು ತಿದ್ದಿ ತನ್ನ ಆಟ ಮಾಡಿಕೊಂಡರು. ಸುರಕ್ಷಿತ ಜಾಗ ಚೌಕವಾಗಿರಲಿ ಎಂದು ಅವರ ಆಸೆ. ಆದರೆ ಚೌಕ ಮಾಡುವಷ್ಟು ಪ್ರೋಗ್ರಾಂ ಬರೆಯಲು ಆಗ ಅವರಿಗೆ ಬರುತ್ತಿರಲಿಲ್ಲ, ವೃತ್ತ ಬರುತ್ತಿತ್ತು. ವೃತ್ತವೇ ಉಳಿಯಿತು! ಚಿತ್ರ ಬಾರದ ಯಂತ್ರದಲ್ಲಿ ಆವರಣ ಚಿಹ್ನೆಯಿಂದ ಚೌಕ ಮಾಡಿದವರೊಬ್ಬರು, ಚೌಕ ಬಾರದೆ ವೃತ್ತ ಎಳೆದವರೊಬ್ಬರು. ಇಷ್ಟು ಓದುವ ಹೊತ್ತಿಗೆ ನನಗೆ ಇಬ್ಬರ ಮೇಲೂ ಅಕ್ಕರೆ ಬಂದಿತ್ತು. ಕೊರಿಯಾದ ಕಂಪನಿಯೊಂದು ಕರೆಸಿಕೊಂಡ ಮೇಲೆ 2017ರಲ್ಲಿ ಪಬ್‌ಜಿ ಬಂತು. ಅದರ ಮೊದಲ ದ್ವೀಪ ಎರಾಂಗಲ್, ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಹೆಸರು ಬಂದದ್ದು ಗ್ರೀನ್ ಅವರ ಮಗಳ ಹೆಸರಿನಿಂದ.

ನನ್ನ ಮೊದಲ ಜಿಗಿತ ನೇರ ನೀರಿಗೆ. ಈಜಿ ದಡ ಹತ್ತುವಷ್ಟರಲ್ಲಿ ಯಾರೋ ಹೊಡೆದರು. ಎರಡನೇ ಸಲ ಮನೆಯೊಂದರ ಬಾಗಿಲು ತೆಗೆಯುವುದು ಹೇಗೆಂದು ಹುಡುಕುತ್ತಿದ್ದಾಗ ಹೊಡೆದರು. ಮೂರನೇ ಸಲ ಒಬ್ಬನನ್ನು ನಾನೇ ಹೊಡೆದುಬಿಟ್ಟೆ! ಕೈ ನಡುಗಿತು. ಸಂತೋಷಕ್ಕೋ ಪಾಪಭೀತಿಗೋ ಗೊತ್ತಿಲ್ಲ. ಪುಟ್ಟ ತಣ್ಣಗೆ ಹೇಳಿದ: ‘ಅದು ಬಾಟ್, ತಾತ. ಕಂಪ್ಯೂಟರ್ ಆಡಿಸೋ ಗೊಂಬೆ. ನಿನ್ನಂಥ ಹೊಸಬರಿಗೆ ಸಮಾಧಾನ ಆಗ್ಲಿ ಅಂತ ಇಟ್ಟಿರ್ತಾರೆ.’

ಆಮೇಲಿನ ಶನಿವಾರ ನಾಲ್ಕು ಜನರ ತಂಡದಲ್ಲಿ ನನ್ನನ್ನೂ ಸೇರಿಸಿಕೊಂಡ. ಇಯರ್‌ಫೋನ್‌ನಲ್ಲಿ ಇನ್ನಿಬ್ಬರು ಹುಡುಗರ ದನಿ. ಒಂದು ನಮ್ಮ ಬೀದಿಯದು. ಇನ್ನೊಂದು ಎಲ್ಲೋ ಕೇಳಿದ ಹಾಗಿತ್ತು. ‘ನಮಸ್ಕಾರ ತಾತ, ಚೆನ್ನಾಗಿದ್ದೀರಾ?’ ಎಂದಿತು. ಒಂದನೇ ಕ್ಲಾಸಿನಿಂದ ಪುಟ್ಟನ ಪಕ್ಕದಲ್ಲೇ ಕೂತು, ನಮ್ಮ ಮನೆಯಲ್ಲೇ ಸಂಜೆ ಉಪ್ಪಿಟ್ಟು ತಿನ್ನುತ್ತಿದ್ದ ಹುಡುಗ. ಅವನ ಅಪ್ಪನಿಗೆ ವರ್ಗವಾಗಿ ಜೂನ್‌ನಲ್ಲಿ ಬೆಳಗಾವಿಗೆ ಹೋಗಿದ್ದರು. ಅವನು ಹೋದದ್ದು ನನಗೆ ಗೊತ್ತಿತ್ತು. ಶನಿವಾರ ಸಂಜೆ ಇವರಿಬ್ಬರೂ ಈ ದ್ವೀಪದಲ್ಲಿ ಸಿಗುತ್ತಾರೆಂಬುದು ಗೊತ್ತಿರಲಿಲ್ಲ.

ಅವತ್ತು ಅವರು ಮಾತಾಡಿದ್ದರಲ್ಲಿ ಅರ್ಧ ಆಟದ್ದು, ಅರ್ಧ ಬೇರೆಯದು. ಹೊಸ ಶಾಲೆಯಲ್ಲಿ ಇವನ ಕನ್ನಡ ಕೇಳಿ ನಗುತ್ತಾರಂತೆ. ಗಣಿತದ ಸರ್ ಒಳ್ಳೆಯವರಂತೆ. ಗುಡ್ಡದ ಹಿಂದೆ ಇಬ್ಬರೂ ಬೋರಲು ಮಲಗಿಕೊಂಡು ಇದನ್ನೆಲ್ಲ ಹೇಳಿಕೊಳ್ಳುತ್ತಿದ್ದರು, ಕೈಯಲ್ಲಿ ಬಂದೂಕು.

ಅಷ್ಟರಲ್ಲಿ ನನಗೆ ಗುಂಡು ಬಿತ್ತು. ತಂಡದಲ್ಲಿ ಆಡುವಾಗ ಒಮ್ಮೆಲೇ ಸಾಯುವುದಿಲ್ಲ. ಮೊಣಕಾಲೂರಿ ತೆವಳುತ್ತಿರುತ್ತೇವೆ, ಪ್ರಾಣ ಇಳಿಯುತ್ತಿರುತ್ತದೆ. ಸಂಗಡಿಗ ಬಂದು ಪಕ್ಕದಲ್ಲಿ ಕೂತು ಕೆಲವು ಸೆಕೆಂಡು ಆರೈಕೆ ಮಾಡಿದರೆ ಮತ್ತೆ ಏಳಬಹುದು. ಕಬಡ್ಡಿಯಲ್ಲಿ ಔಟಾದವನಿಗೆ ಮತ್ತೆ ಜೀವ ಬರುತ್ತದಲ್ಲ, ಹಾಗೆ. ಆದರೆ ಆರೈಕೆ ಮಾಡುವವನು ಅಷ್ಟು ಹೊತ್ತು ಗುಂಡು ಹಾರಿಸುವಂತಿಲ್ಲ. ‘ತಾತ, ಬಗ್ಗಿರು! ಅಲ್ಲಾಡಬೇಡ!’ ಎಂದು ಪುಟ್ಟ ಹೊಗೆ ಬಾಂಬ್ ಎಸೆದು, ಆ ಹೊಗೆಯೊಳಗೆ ಬೆಟ್ಟದಿಂದಿಳಿದು ಓಡಿ ಬಂದ. ಬಂದು ಪಕ್ಕದಲ್ಲಿ ಕೂತ. ನಾನೆದ್ದೆ. ಅವನು ಬಿದ್ದ.

ಆಟ ಮುಗಿದ ಮೇಲೆ ಕೇಳಿದೆ. ‘ಅವತ್ತು ನಾನು ಫೋನ್ ಕಿತ್ತುಕೊಂಡಾಗ ಏನು ಮಾಡ್ತಿದ್ದೆ?’

‘ಅವನು ಬಿದ್ದಿದ್ದ. ಎಬ್ಬಿಸ್ತಾ ಇದ್ದೆ. ಬೇಕಂತಲೇ ಬಿಟ್ಟು ಹೋದೆ ಅಂದ್ಕೊಂಡ. ಒಂದು ವಾರ ಫೋನೇ ಎತ್ತಲಿಲ್ಲ.’

ಟೆಟ್ರಿಸ್‌ನಲ್ಲಿ ಒಂದು ಗುಂಡಿ ಒತ್ತಿದರೆ ಇಟ್ಟಿಗೆ ಗಾಳಿಯಲ್ಲೇ ನಿಲ್ಲುತ್ತದೆ; ಊಟ ಮಾಡಿ ಬಂದು ಮುಂದುವರಿಸಬಹುದು. ಅದಕ್ಕೇ ನನಗೆ ಯಾವ ಆಟವನ್ನೂ ನಿಲ್ಲಿಸಬಹುದೆಂಬ ಭಾವನೆ ಇತ್ತು. ಇಲ್ಲಿ ನಿಲ್ಲಿಸಲಾಗದು, ಉಳಿದ ತೊಂಬತ್ತೊಂಬತ್ತು ಮಂದಿ ಕಾಯುವುದಿಲ್ಲ. ಆದರೆ ಅರ್ಧ ಗಂಟೆಯ ಸುಮಾರಿಗೆ ಇದು ತಾನಾಗಿ ಮುಗಿದೇ ಮುಗಿಯುತ್ತದೆ, ಟೆಟ್ರಿಸ್‌ಗೆ ಆ ಗುಣವಿಲ್ಲ. ಹಾಗಾದರೆ ಊಟಕ್ಕೆ ಕರೆಯಬೇಕಾದದ್ದು ಆಟದ ನಡುವೆ ಅಲ್ಲ, ವಿಮಾನ ಹತ್ತುವ ಮುಂಚೆ. ಅಜ್ಜಂದಿರಾದ ನಾವು ಇದನ್ನು ಕೇಳಿ ತಿಳಿಯಬಹುದಿತ್ತು. ನಾನು ಕೇಳಿರಲಿಲ್ಲ. ಪುಟ್ಟನಿಗೆ ‘ತಪ್ಪಾಯ್ತು ಕಣೋ’ ಎಂದೆ. ಬೆಳಗಾವಿಯ ಹುಡುಗನಿಗೂ ಫೋನ್ ಮಾಡಿ ಹೇಳಿದೆ.

ಪುಟ್ಟನನ್ನೂ ಸುಮ್ಮನೆ ಬಿಡಲಿಲ್ಲ. ಮೂರು ಸಲ ‘ಲಾಸ್ಟ್ ಮ್ಯಾಚ್’ ಎಂದು ಸುಳ್ಳು ಹೇಳಿದವನು ಯಾರು? ಒಪ್ಪಿಕೊಂಡ. ಈಗ ನಮ್ಮಲ್ಲಿ ಒಂದು ಕರಾರು ಇದೆ: ಶನಿವಾರ ಎರಡು ಮ್ಯಾಚು. ಎರಡನೆಯದು ಶುರುವಾಗುವ ಮೊದಲು ಅಜ್ಜಿಗೆ ಹೇಳಬೇಕು, ಅವಳು ಆಮೇಲೆಯೇ ಚಪಾತಿ ಲಟ್ಟಿಸುತ್ತಾಳೆ. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ ಎಂದು ಆಟದಲ್ಲೇ ಮಿತಿ ಇದೆಯಂತೆ. ಮೂರು ಗಂಟೆ ನಮ್ಮ ಮನೆಗೆ ಜಾಸ್ತಿಯಾಯಿತು.

ಹಾಗೆಂದು ಗುಂಡಿನ ಆಟಕ್ಕೆ ನಾನು ವಕಾಲತ್ತು ಹಾಕುತ್ತಿಲ್ಲ. ಎಷ್ಟು ಬಣ್ಣ ಬದಲಾಯಿಸಿದರೂ ಗುಂಡು ಗುಂಡೇ. ಗುರುತಿಲ್ಲದವರ ಜೊತೆ ತಂಡ ಕಟ್ಟಿದಾಗ ಕಿವಿಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆ ಬಾಗಿಲು ಮುಚ್ಚಿಸಿದ್ದೇನೆ, ಗೊತ್ತಿರುವವರು ಮಾತ್ರ. ಗೊಂಬೆಗೆ ಹೊಸ ಅಂಗಿ ತೊಡಿಸಲು ನಿಜವಾದ ದುಡ್ಡು ಕೇಳುತ್ತದೆ, ಅದಕ್ಕೂ ಇಲ್ಲ ಎಂದಿದ್ದೇನೆ. ಚಿಕ್ಕ ಮಕ್ಕಳಿಗಂತೂ ಇದು ಬೇಡವೇ ಬೇಡ. ಇನ್ನು ಒಗಟಿನ ಆಟವೆಲ್ಲ ಸಾಧು ಎನ್ನುವಂತೆಯೂ ಇಲ್ಲ. 2019ರಲ್ಲಿ ನಿಂಟೆಂಡೊ ‘ಟೆಟ್ರಿಸ್ 99’ ತಂದಿತು. ತೊಂಬತ್ತೊಂಬತ್ತು ಮಂದಿ ಒಟ್ಟಿಗೆ ಇಟ್ಟಿಗೆ ಜೋಡಿಸುತ್ತಾರೆ. ನಾನು ಸಾಲು ಅಳಿಸಿದರೆ ಕಸ ಹೋಗಿ ಬೇರೊಬ್ಬರ ಬಾವಿಗೆ ಬೀಳುತ್ತದೆ. ಕೊನೆಗೆ ಉಳಿದವರು ಗೆದ್ದರು. ಬಂದೂಕೊಂದಿಲ್ಲ, ಅಷ್ಟೇ.

ಕಳೆದ ವಾರ ಮಿಠಾಯಿ ಡಬ್ಬಿಯ ರಟ್ಟಿನಲ್ಲಿ ಏಳು ಟೆಟ್ರಿಸ್ ತುಂಡುಗಳನ್ನು ಕತ್ತರಿಸಿದೆವು. ಏಳು ನಾಲ್ಕಲ 28 ಚೌಕ. ನಾಲ್ಕಕ್ಕೆ ಏಳರ ಪೆಟ್ಟಿಗೆಯಲ್ಲಿ ಸರಿಯಾಗಿ ಕೂರಬೇಕಲ್ಲ? ನಾನು ಎರಡು ದಿನ ಒದ್ದಾಡಿದೆ, ಪ್ರತಿ ಸಲ ಒಂದು ತುಂಡು ಹೊರಗೆ. ಪುಟ್ಟ ಸುಮ್ಮನೆ ನೋಡುತ್ತಿದ್ದವನು ಪೆನ್ಸಿಲ್ ತಗೊಂಡು ಪೆಟ್ಟಿಗೆಯ ಮನೆಗಳಿಗೆ ಚದುರಂಗದ ಮಣೆಯಂತೆ ಕಪ್ಪು ಬಿಳಿ ಹಚ್ಚಿದ. ಹದಿನಾಲ್ಕು ಕಪ್ಪು, ಹದಿನಾಲ್ಕು ಬಿಳಿ. ಪ್ರತಿ ತುಂಡನ್ನೂ ಇಟ್ಟು ನೋಡಿದ: ಎರಡು ಕಪ್ಪು, ಎರಡು ಬಿಳಿ. ಟಿ ಅಕ್ಷರ ಒಂದು ಮಾತ್ರ ಎಲ್ಲಿಟ್ಟರೂ ಮೂರು ಒಂದು. ‘ತಾತ, ಹದಿನೈದು ಹದಿಮೂರು ಆಗತ್ತೆ. ಜನ್ಮದಲ್ಲಿ ಕೂರಲ್ಲ, ಬಿಡು.’ ಎರಡು ದಿನ ಆಗದ್ದಕ್ಕೆ ಒದ್ದಾಡಿದ್ದೆನಲ್ಲ ಎಂದು ಬೇಜಾರಾಯಿತು, ಅದಕ್ಕಿಂತ ಹೆಚ್ಚು ಖುಷಿಯೂ ಆಯಿತು. ಈಗ ಇನ್ನೊಂದು ಸೆಟ್ ಕತ್ತರಿಸಿದ್ದಾನೆ. ಎರಡು ಟಿ ಇದ್ದರೆ ಬಣ್ಣದ ಲೆಕ್ಕ ಸರಿಹೋಗುತ್ತದಂತೆ. ಹದಿನಾಲ್ಕು ತುಂಡು, 56 ಚೌಕ. ನೀವೂ ಕತ್ತರಿಸಿ, ಆಯತ ಕೂಡಿ ಬಂದರೆ ಚಿತ್ರ ಬರೆದು ಕಳಿಸಿ. ಬೆಳಗಾವಿಯ ಹುಡುಗನಿಗೆ ಪುಟ್ಟ ವಿಡಿಯೊದಲ್ಲಿ ತೋರಿಸಿದ. ಅವನು ಎರಡು ನಿಮಿಷ ನೋಡಿ, ‘ಸರಿ, ವಿಮಾನ ಹೊರಡತ್ತೆ, ಬಾ’ ಎಂದ.

ಗೆರೆ ಹಾಳೆಯ ಹುಡುಗಿಗೆ: ಎರಡೂ ಆಡಿದೆ ಕಣಮ್ಮಾ. ಈ ಉತ್ತರವನ್ನು ನಿನ್ನ ಮಿಸ್‌ಗೆ ತೋರಿಸು, ನೂರಕ್ಕೆ ಎಷ್ಟು ಕೊಟ್ಟರು ಎಂದು ಬರೆ.